ಮನೆಯಲ್ಲಿ ಬೆಳ್ಳುಳ್ಳಿ ಬ್ರೆಡ್ಡು



ನಾನು ಹೇಳಹೊರಟಿರುವ ತಿಂಡಿಯ ಹೆಸರಿನಲ್ಲಿಯೇ ಒಂದು ತೊಡಕುಂಟು. ‘ಬೆಳ್ಳುಳ್ಳಿ’ ಅಚ್ಚಗನ್ನಡದ ಮಾತು. ಬಿಳಿದಾದ ಉಳ್ಳಿ ಬೆಳ್ಳುಳ್ಳಿ, ನೀರಿನಂಶ ಹೆಚ್ಚಾದ ಉಳ್ಳಿ ನೀರುಳ್ಳಿ. ‘ಬ್ರೆಡ್ಡು’ ಕಡಲಾಚೆಯಿಂದ ಬಂದದ್ದು. ಇವೆರಡನ್ನೂ ಕೂಡಿಸಿದರೆ ವೈಯಾಕರಣರು ಹುಬ್ಬು ಗಂಟಿಕ್ಕಬಹುದು. ಹಾಗೆಂದು ನಾನು ‘ಲಶುನಾಪೂಪ’ ಎಂದು ನಾಮಕರಣ ಮಾಡಿದೆನೆನ್ನಿ, ಮಕ್ಕಳು ತಟ್ಟೆ ಬಿಟ್ಟು ಎದ್ದು ಹೋದಾರು. ಆದ್ದರಿಂದ ಬೆಳ್ಳುಳ್ಳಿ ಬ್ರೆಡ್ಡು ಎಂದೇ ಇರಲಿ.

ಇದರ ಮೂಲ ಇಟಲಿಯಲ್ಲಿದೆ. ಆ ದೇಶದ ಹಳ್ಳಿಗಳಲ್ಲಿ ದಪ್ಪ ರೊಟ್ಟಿಯ ಹೋಳನ್ನು ಕೆಂಡದ ಮೇಲೆ ಸುಟ್ಟು, ಬಿಸಿಯಿರುವಾಗಲೇ ಅದರ ಮೈಗೆ ಬೆಳ್ಳುಳ್ಳಿಯ ಎಸಳನ್ನು ಉಜ್ಜಿ, ಮೇಲೆ ಆಲಿವ್ ಎಣ್ಣೆ ಸುರಿದು ಉಪ್ಪು ಉದುರಿಸುತ್ತಾರೆ. ರೋಮಿನ ಕಡೆ ಇದಕ್ಕೆ ಬ್ರುಸ್ಕೆತ್ತಾ ಎನ್ನುತ್ತಾರೆ. ಕೆಂಡದಲ್ಲಿ ಸುಡುವುದು ಎಂಬರ್ಥದ ಧಾತುವಿನಿಂದ ಬಂದ ಹೆಸರು. ಟಸ್ಕನಿಯಲ್ಲಿ ಫೆತ್ತುಂತಾ, ಎಂದರೆ ಎಣ್ಣೆ ಹಚ್ಚಿದ ಹೋಳು. ಹೊಸ ಎಣ್ಣೆ ಗಾಣದಿಂದ ಬಂದಾಗ ಅದರ ರುಚಿ ನೋಡುವುದಕ್ಕೆ ಇದೇ ಸಾಧನ. ಇಟಲಿಯ ಜನ ಅಮೆರಿಕಕ್ಕೆ ವಲಸೆ ಹೋದ ಮೇಲೆ ಆಲಿವ್ ಎಣ್ಣೆಯ ಸ್ಥಾನಕ್ಕೆ ಬೆಣ್ಣೆ ಬಂದಿತು. ನಾವು ಈಗ ತಿನ್ನುವುದು ಈ ಅಮೆರಿಕದ ರೂಪ. ೧೯೯೬ರಲ್ಲಿ ಬೆಂಗಳೂರಿಗೆ ಪಿಜ್ಜಾ ಹಟ್ ಬಂದ ಮೇಲೆ ಇದು ನಮ್ಮ ಪೇಟೆಗಳಿಗೂ ಹಬ್ಬಿತು. ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಹಚ್ಚಿ, ಬೆಳ್ಳುಳ್ಳಿ ಚಟ್ನಿಯ ಜೊತೆಗೆ ತಿನ್ನುವ ಉತ್ತರ ಕರ್ನಾಟಕದವರು ಇದನ್ನು ಕಂಡು ಬೆರಗಾಗಬೇಕಾದ್ದೇನೂ ಇಲ್ಲ.

ಬೆಳ್ಳುಳ್ಳಿಗೂ ಬೆಣ್ಣೆಗೂ ಇರುವ ನಂಟು ಬಹು ಹಳೆಯದು. ೧೮೯೦ರಲ್ಲಿ ಮಧ್ಯ ಏಷ್ಯಾದ ಕೂಚಾದಲ್ಲಿ ಬೋವರ್ ಎಂಬ ಆಂಗ್ಲ ಸೈನ್ಯಾಧಿಕಾರಿಯ ಕೈಗೆ ಭೂರ್ಜಪತ್ರದ ಹಸ್ತಪ್ರತಿಯೊಂದು ದೊರೆಯಿತು. ಸುಮಾರು ಆರನೆಯ ಶತಮಾನದ ಆ ಸಂಸ್ಕೃತ ಬರವಣಿಗೆಯಲ್ಲಿ ಬೆಳ್ಳುಳ್ಳಿಯ ಗುಣಗಾನ ವಿಸ್ತಾರವಾಗಿದೆ. ಬೆಳ್ಳುಳ್ಳಿ ತಿನ್ನಬಾರದ ಬ್ರಾಹ್ಮಣನಿಗೆ ಅಲ್ಲಿ ಒಂದು ಉಪಾಯವನ್ನೂ ಹೇಳಿದ್ದಾರೆ: ಹಸುವನ್ನು ಮೂರು ರಾತ್ರಿ ಬಹುಮಟ್ಟಿಗೆ ಹುಲ್ಲಿಲ್ಲದೆ ಇರಿಸಿ, ಆಮೇಲೆ ಎರಡು ಪಾಲು ಹುಲ್ಲಿಗೆ ಒಂದು ಪಾಲು ಬೆಳ್ಳುಳ್ಳಿಯ ಕಾಂಡ ಬೆರಸಿ ಮೇಯಿಸುವುದು, ಆ ಹಸುವಿನ ಹಾಲು, ಮೊಸರು, ತುಪ್ಪಗಳನ್ನು ಅವನು ಸೇವಿಸಬಹುದು. ಆಚಾರವೂ ಉಳಿಯಿತು, ಔಷಧವೂ ದಕ್ಕಿತು! ಇದನ್ನು ಕೇಳಿ ನಗು ಬರುವುದು ಸಹಜವೇ. ಆದರೆ ಹಸು ಬೆಳ್ಳುಳ್ಳಿ ಮೇದರೆ ಹಾಲಿಗೆ ಅದರ ವಾಸನೆ ಇಳಿಯುವುದು ಗೋವಳರೆಲ್ಲರೂ ಬಲ್ಲ ಸಂಗತಿ. ಬೆಳ್ಳುಳ್ಳಿಯ ಸಾರ ಜಿಡ್ಡಿನಲ್ಲಿ ಸುಲಭವಾಗಿ ಸೇರಿಕೊಳ್ಳುತ್ತದೆ. ನಮ್ಮ ತಿಂಡಿಯ ಮರ್ಮವೂ ಅದೇ.

ಈಗ ಮಾಡುವ ಕ್ರಮ. ಕಾಲು ಕಿಲೋ ಮೈದಾ ಹಿಟ್ಟಿಗೆ ಒಂದು ಸಣ್ಣ ಚಮಚ ಒಣ ಈಸ್ಟು, ಒಂದು ಚಮಚ ಸಕ್ಕರೆ, ಮುಕ್ಕಾಲು ಚಮಚ ಉಪ್ಪು, ಸುಮಾರು ೧೬೦ ಮಿಲಿಲೀಟರ್ ಉಗುರುಬೆಚ್ಚನೆಯ ನೀರು. ನೀರಿನ ಬಿಸಿ ಕೈಗೆ ಹಿತವಾಗಿರಬೇಕು. ಈಸ್ಟೆಂಬುದು ಜೀವವುಳ್ಳ ವಸ್ತು. ಸುಡುನೀರು ಸುರಿದರೆ ಸಾಯುತ್ತದೆ, ಹಿಟ್ಟು ಕಲ್ಲಿನಂತೆ ಕುಳಿತುಬಿಡುತ್ತದೆ. ಹೋಳಿಗೆಯ ಕಣಕಕ್ಕಿಂತ ತುಸು ಗಟ್ಟಿಯಾಗಿ, ಚಪಾತಿಯ ಹಿಟ್ಟಿಗಿಂತ ಮೆತ್ತಗೆ ಇರುವಂತೆ ಕಲಸಿ, ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಮೊದಲು ಕೈಗೆ ಅಂಟುತ್ತದೆ. ಬೇಸರಪಟ್ಟು ಹಿಟ್ಟು ಹೆಚ್ಚಿಸಬೇಡಿ. ನಾದಿದಂತೆಲ್ಲ ಅಂಟು ಹೋಗಿ ಎಳೆ ಬರುತ್ತದೆ. ಕೊನೆಗೆ ಒಂದು ಚಮಚ ಎಣ್ಣೆ ಹಾಕಿ, ಮುಚ್ಚಿಡಿ. ಬೇಸಗೆಯಲ್ಲಿ ಒಂದು ಗಂಟೆಗೆ ಎರಡರಷ್ಟಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಎರಡು ಗಂಟೆ ಬೇಕಾದೀತು. ಗಡಿಯಾರವನ್ನಲ್ಲ, ಹಿಟ್ಟನ್ನು ನೋಡಬೇಕು. ಆಮೇಲೆ ಗಾಳಿ ಹೋಗುವಂತೆ ಮೃದುವಾಗಿ ಒತ್ತಿ, ಉದ್ದನೆಯ ದಿಂಡಿನಂತೆ ಮಾಡಿ, ಮತ್ತೆ ಅರ್ಧ ಗಂಟೆ ಉಬ್ಬಗೊಟ್ಟು, ೨೦೦ ಡಿಗ್ರಿ ಸೆಲ್ಸಿಯಸ್ ಕಾವಿನ ಒಲೆಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಯಿಸುವುದು. ತಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಅಂಥ ಒಲೆಯಿಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಒಂದಂಗುಲ ಉಪ್ಪು ಹರಡಿ, ಅದರ ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ, ತಟ್ಟೆಯಲ್ಲಿ ಹಿಟ್ಟನ್ನು ಒಳಗಿಡಬಹುದು. ಮಧ್ಯಮ ಉರಿಯಲ್ಲಿ ಮುಕ್ಕಾಲು ಗಂಟೆಯ ಹತ್ತಿರ ಹಿಡಿಯುತ್ತದೆ. ಮೇಲ್ಭಾಗ ಬೆಳ್ಳಗೇ ಉಳಿಯುವುದುಂಟು. ಬೆಂದ ಮೇಲೆ ಮಗುಚಿ ಕಾವಲಿಯ ಮೇಲೆ ಕೆಂಪಗೆ ಮಾಡಿದರಾಯಿತು. ಇಷ್ಟೆಲ್ಲ ಪುರುಸೊತ್ತಿಲ್ಲದಿದ್ದರೆ ಬೇಕರಿಯಿಂದ ಹೋಳು ಮಾಡದ ಬ್ರೆಡ್ಡು ತನ್ನಿರಿ. ನಿನ್ನೆಯದಾದರೆ ಇನ್ನೂ ಮೇಲು; ಇವತ್ತಿನದು ಬೆಣ್ಣೆ ಹೀರಿ ಮುದ್ದೆಯಾಗುತ್ತದೆ. ಹಾಸನದ ಕಡೆಯ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿಗೆ ಬಂದು ಬೇಕರಿ ವೃತ್ತಿಯಲ್ಲಿ ಹೆಸರು ಮಾಡಿದ ಕಥೆ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಬೆಳ್ಳುಳ್ಳಿ ಸೋಕಿಸದಿದ್ದವರ ಕೈಯ ಬ್ರೆಡ್ಡಿಗೆ ನಾವು ಬೆಳ್ಳುಳ್ಳಿ ಹಚ್ಚುತ್ತಿರುವುದು ಕಾಲಮಹಿಮೆ.

ಬೆಣ್ಣೆಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಉಳಿದಿರುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಅಂಗೈಯಲ್ಲಿ ಒತ್ತಿ ನೀರು ತೆಗೆಯದಿದ್ದರೆ ಹೋಳು ಗರಿಗರಿಯಾಗುವುದಿಲ್ಲ. ೬೦ ಗ್ರಾಂ ಬೆಣ್ಣೆ ಮೆತ್ತಗಾಗಿರಲಿ, ಕರಗಬಾರದು. ಜವಾರಿ ಬೆಳ್ಳುಳ್ಳಿಯಾದರೆ ಎಂಟು ಹತ್ತು ಎಸಳು. ದಪ್ಪ ಎಸಳಿನ ಜಾತಿಯಾದರೆ ಐದು ಸಾಕು. ಜವಾರಿಯ ಸಿಪ್ಪೆ ಬಿಡಿಸುವುದು ಉಗುರಿಗೆ ಶಿಕ್ಷೆ, ಆದರೆ ಘಾಟು ಅದರದೇ. ಚಿಟಿಕೆ ಉಪ್ಪು ಸೇರಿಸಿ ಕುಟ್ಟಾಣಿಯಲ್ಲಿ ಜಜ್ಜಿ, ಹತ್ತು ನಿಮಿಷ ಸುಮ್ಮನೆ ಬಿಡಿ. ಇಡಿಯ ಎಸಳಿಗೆ ಅಷ್ಟು ವಾಸನೆಯಿಲ್ಲ. ಜಜ್ಜಿದಾಗ ಅದರೊಳಗೆ ಬೇರೆಬೇರೆಯಾಗಿದ್ದ ಎರಡು ವಸ್ತುಗಳು ಕೂಡಿ ಅಲಿಸಿನ್ ಎಂಬುದು ಹುಟ್ಟುತ್ತದೆ. ಆ ಘಾಟಿಗೆ ಅದೇ ಕಾರಣ. ೧೯೪೪ರಲ್ಲಿ ರಸಾಯನಶಾಸ್ತ್ರಜ್ಞರು ಇದನ್ನು ಬೇರ್ಪಡಿಸಿ ತೋರಿಸಿದರು. ಆಮೇಲೆ ಬೆಣ್ಣೆ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು, ಮೆಣಸಿನ ಪುಡಿ ಬೆರಸಿ. ಬ್ರೆಡ್ಡನ್ನು ಒಂದಂಗುಲಕ್ಕೊಂದರಂತೆ, ತಳ ಬಿಡದಂತೆ ಕೊಯ್ದು, ಸಂದುಸಂದಿಗೂ ಬೆಣ್ಣೆ ಸವರಿ ಹತ್ತು ನಿಮಿಷ ಒಲೆಯಲ್ಲಿಡಿ. ಕಾವಲಿಯ ಮೇಲಾದರೆ ಹೋಳುಗಳನ್ನು ಬಿಡಿಸಿ, ಬೆಣ್ಣೆಯ ಮುಖ ಮೇಲಾಗಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ. ಮಗುಚಿದ ಮೇಲೆ ಅರ್ಧ ನಿಮಿಷ ಮಾತ್ರ. ಬೆಳ್ಳುಳ್ಳಿ ಕರಿದಾಯಿತೋ, ಕಹಿಯಾಯಿತು.

ಈ ಭಾಷಣದಲ್ಲಿ ಮಿಕ್ಕದ್ದನ್ನು ಮರೆತರೂ ಚಿಂತೆಯಿಲ್ಲ, ಮುಂದೆ ಹೇಳುವುದನ್ನು ಮನೆಯೊಡತಿಯರು ದಯವಿಟ್ಟು ನೆನಪಿನಲ್ಲಿಡಬೇಕು. ಸಂಸ್ಕೃತದಲ್ಲಿ ಬೆಳ್ಳುಳ್ಳಿಗೆ ‘ರಸೋನ’ ಎಂಬ ಹೆಸರುಂಟು. ಆರು ರಸಗಳಲ್ಲಿ ಒಂದು ಮಾತ್ರ ಊನವಾದದ್ದು ಎಂದು ಆಯುರ್ವೇದದವರ ವಿವರಣೆ. ಯಾವ ರಸ? ಆಮ್ಲ, ಎಂದರೆ ಹುಳಿ. ಈ ಹುಳಿಯ ಕೊರತೆಯೇ ಒಂದು ಅಪಾಯಕ್ಕೆ ದಾರಿ. ಮಣ್ಣಿನಲ್ಲಿ ಬೆಳೆದ ಗಡ್ಡೆಗೆ ಬೊಟುಲಿಸಂ ರೋಗದ ಸೂಕ್ಷ್ಮಾಣುವಿನ ಬೀಜಕಗಳು ಅಂಟಿಕೊಂಡಿರಬಹುದು. ಗಾಳಿಯಾಡುವಲ್ಲಿ ಅವು ಸುಮ್ಮನಿರುತ್ತವೆ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಅಡಿಗೆಮನೆಯ ಬೆಚ್ಚನೆಯ ಗೂಡಿನಲ್ಲಿಟ್ಟರೆ ಗಾಳಿಯೂ ಇಲ್ಲ, ಹುಳಿಯೂ ಇಲ್ಲ. ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ. ಬಣ್ಣ, ವಾಸನೆ, ರುಚಿ ಯಾವುದೂ ಕೆಡದೆ ಇರಬಹುದು. ೧೯೮೫ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಒಂದು ಭೋಜನಾಲಯದ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ ೩೬ ಜನ ಈ ರೋಗಕ್ಕೆ ತುತ್ತಾದರು. ಸೀಸೆಯನ್ನು ಅಲ್ಲಿ ತಣ್ಣಗೆ ಇಟ್ಟಿರಲಿಲ್ಲ. ರೆಪ್ಪೆ ಜೋತುಬೀಳುವುದು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಇವು ಲಕ್ಷಣಗಳು. ಮುಂದೆ ಉಸಿರಾಟವೇ ನಿಲ್ಲಬಹುದು. ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಏನು ತಿಂದದ್ದೆಂದು ವೈದ್ಯರಿಗೆ ತಿಳಿಸಬೇಕು.

‘ನಮ್ಮ ಅಜ್ಜಿ ವರ್ಷಗಟ್ಟಲೆ ಬೆಳ್ಳುಳ್ಳಿ ಉಪ್ಪಿನಕಾಯಿ ಇಡುತ್ತಿದ್ದರಲ್ಲ’ ಎಂದು ಕೇಳುವಿರಿ. ಅಜ್ಜಿ ಅದಕ್ಕೆ ನಿಂಬೆಯ ರಸವನ್ನೂ ಧಾರಾಳ ಉಪ್ಪನ್ನೂ ಹಾಕುತ್ತಿದ್ದರು. ಇಲ್ಲದ ರಸವನ್ನು ಹೊರಗಿನಿಂದ ತುಂಬಿಕೊಡುತ್ತಿದ್ದರು. ಹುಳಿಯಿರುವಲ್ಲಿ ಆ ಸೂಕ್ಷ್ಮಾಣು ಬೆಳೆಯಲಾರದು. ೧೯೮೯ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿಯೂ ಇಂಥದೇ ಪ್ರಕರಣ ನಡೆದ ಮೇಲೆ ಅಮೆರಿಕ ಸರ್ಕಾರ ಎಣ್ಣೆಯಲ್ಲಿ ಹಾಕಿ ಮಾರುವ ಬೆಳ್ಳುಳ್ಳಿಗೆ ಹುಳಿ ಬೆರಸಬೇಕೆಂದು ವಿಧಿಸಿತು. ನಮ್ಮ ಬೆಳ್ಳುಳ್ಳಿ ಬೆಣ್ಣೆಯಲ್ಲಿ ಹುಳಿಯಿಲ್ಲವಾದ್ದರಿಂದ ಆ ಹೊತ್ತಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳಿ. ಮಿಕ್ಕದ್ದನ್ನು ಕೂಡಲೇ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಿ. ಇಲ್ಲವೆ ಹಿಮಗಟ್ಟುವ ಖಾನೆಯಲ್ಲಿಡಿ. ಹೊರಗೆ ಮರೆತು ರಾತ್ರಿ ಕಳೆದದ್ದಾದರೆ, ಬೆಣ್ಣೆಯ ಬೆಲೆಯನ್ನು ನೆನೆದು ಮರುಗದೆ ಚೆಲ್ಲಿಬಿಡಿ.

ಇನ್ನು ಬೆಳ್ಳುಳ್ಳಿ ತಿನ್ನದ ಹಿರಿಯರಿರುವ ಮನೆ. ರಾಹುವಿನ ಕತ್ತು ಕತ್ತರಿಸಿದಾಗ ನೆಲಕ್ಕೆ ಬಿದ್ದ ಅಮೃತದ ಹನಿಗಳೇ ಬೆಳ್ಳುಳ್ಳಿಯಾದುವು, ದೈತ್ಯನ ದೇಹದಿಂದ ಬಂದದ್ದರಿಂದ ದ್ವಿಜರು ತಿನ್ನುವುದಿಲ್ಲ ಎಂದು ವಾಗ್ಭಟನು ಹೇಳುತ್ತಾನೆ. ಅಮೃತವಾದ್ದರಿಂದ ಶ್ರೇಷ್ಠ ರಸಾಯನವೆಂದೂ ಹೊಗಳುತ್ತಾನೆ. ಅತ್ತೆಯವರೊಡನೆ ಈ ಪ್ರಮಾಣ ತೆಗೆದು ವಾದಕ್ಕಿಳಿಯುವ ಸೊಸೆಯಂದಿರನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಅವರ ಪಾಲಿನ ಬೆಣ್ಣೆಯನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದು, ಓಮ, ಮೆಣಸು, ಚಿಟಿಕೆ ಇಂಗು, ಕೊತ್ತಂಬರಿ ಬೆರಸಿ, ಆ ಹೋಳುಗಳನ್ನು ತೊಳೆದ ಕಾವಲಿಯ ಮೇಲೆ ಮೊದಲು ಬೇಯಿಸಿ ಬಡಿಸಿಬಿಡಿ. ಕುಟ್ಟಾಣಿಗೆ ಕೈಹಾಕುವುದು ಅದಾದ ಮೇಲೆ.