ಸೈರಾಟ್ ಮೇಲೋ, ಧಡಕ್ ಮೇಲೋ?



ನಾನು ದಿನಾ ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಎಸ್.ಟಿ. ಬಸ್ಸಿನಾಗ ಕಾಲೇಜಿಗೆ ಹೋಗಿ ಬರ್ತೀನಿ. ಆ ಬಸ್ಸಿನಾಗ ನಮ್ಮ ಹುಡುಗರ ಒಂದು ಜಗಳ ಮುಗಿಯೋದೇ ಇಲ್ಲ: ಸೈರಾಟ್ ಮೇಲೋ, ಧಡಕ್ ಮೇಲೋ? ಕಥೆ ಒಂದೇ ಇರೋದರಿಂದ ತೂಕ ಮಾಡಲಿಕ್ಕೆ ಸಲೀಸು. ನನ್ನ ತಕ್ಕಡಿ ಇವತ್ತು ನಿಮ್ಮ ಮುಂದ ಇಡ್ತೀನಿ.

ಸೈರಾಟ್ 2016ರಲ್ಲಿ ಬಂತು. ನಿರ್ದೇಶಕ ನಾಗರಾಜ ಮಂಜುಳೆ ನಮ್ಮ ಜಿಲ್ಲೆಯವರೇ, ಕರಮಾಳಾ ತಾಲೂಕಿನ ಜೇವೂರಿನವರು (ನಮ್ಮ ತಾಲೂಕಿನ ಜೇವೂರ ಅಲ್ರಿ, ಅದು ಬೇರೆ). ಆರ್ಚಿ ಆದ ರಿಂಕು ರಾಜಗುರು ಅಕಲೂಜದ ಹುಡುಗಿ. ಪಾಟೀಲರ ಮಗಳು, ಮೀನು ಹಿಡಿಯುವ ಮನಿಯ ಹುಡುಗ, ಪ್ರೀತಿ, ಓಡಿಹೋಗೋದು, ಆಮೇಲೆ ಕೊಲೆ. ಮರುವರ್ಷ ಎಸ್. ನಾರಾಯಣ್ ಇದನ್ನೇ ಕನ್ನಡದಲ್ಲಿ 'ಮನಸು ಮಲ್ಲಿಗೆ' ಮಾಡಿದರು, ರಿಂಕು ಅಲ್ಲೂ ನಾಯಕಿ. ನಮ್ಮ ಭಾಷೆಯದೇ ಗೆಲ್ಲಲಿ ಅಂತ ಆಸೆ ಇತ್ತು. ಆದರೆ ಆ ಕಬ್ಬಿನ ಹೊಲ, ಆ ಬಿಸಿಲು, ನಮ್ಮ ಸಂತೆಯೊಳಗಿನ ಆ ಮರಾಠಿ ಇಲ್ಲದ ಕಥೆ ನನಗೆ ಪರವೂರಿನದು ಅನ್ನಿಸಿತು.

ಧಡಕ್ 2018ರದು, ಶಶಾಂಕ್ ಖೇತಾನ್ ನಿರ್ದೇಶನ. ಊರು ಉದಯಪುರ ಆಯ್ತು, ಜೋಡಿ ಹೈದರಾಬಾದಿನ ಬದಲು ಕೋಲ್ಕತ್ತಾ ಸೇರಿತು. ಬಣ್ಣ ಚಂದ, ಬಟ್ಟೆ ಚಂದ, ಜಾಹ್ನವಿ ಕಪೂರ್ ಚಂದ. ಜಾತಿ ಮಾತ್ರ ಒಂದೆರಡು ಮಾತಿನಾಗ ಬಂದು ಮರೆಯಾಗ್ತದ. ಹುಡುಗಿ ಅಪ್ಪನ ಸಿಟ್ಟು ರಾಜಕೀಯ, ಶ್ರೀಮಂತಿಕೆಯ ಸಿಟ್ಟು ಅನ್ನಿಸ್ತದ.

ಸೈರಾಟಿನಾಗ ನೋಡ್ರಿ. ಆರ್ಚಿಯ ಸಹೋದರ ಪ್ರಿನ್ಸ್ ತರಗತಿಯೊಳಗ ಫೋನಿನಲ್ಲಿ ಮಾತಾಡ್ತಾನ. ಲೋಖಂಡೆ ಸರ್ 'ನೀ ಯಾರು' ಅಂತ ಕೇಳಿದ್ದಕ್ಕ ಅವರ ಕಪಾಳಕ್ಕ ಹೊಡೀತಾನ. ಕಾಲೇಜಿನ ಮೊದಲ ದಿನ ಹೆಸರು ಹೇಳಿದ ಕೂಡಲೇ 'ಅಡ್ಡಹೆಸರು ಏನು?' ಅಂತ ಕೇಳಿಸ್ಕೊಂಡ ನಮಗ ಆ ಏಟಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೊನೆ. ಧಡಕ್‌ನಲ್ಲಿ ಗಂಡ, ಕೂಸು ಸಾಯ್ತಾರ, ಹುಡುಗಿ ಉಳೀತಾಳ. ಸೈರಾಟಿನಾಗ ಗಂಡ ಹೆಂಡತಿ ಇಬ್ಬರೂ ಸತ್ತು ಬಿದ್ದಿರ್ತಾರ, ಕೂಸು ಒಳಗ ಬರ್ತದ. ಸಂಗೀತ ಇಲ್ಲ, ಸಪ್ಪಳ ಇಲ್ಲ. ರಕ್ತದ ಪುಟ್ಟ ಹೆಜ್ಜೆ. ನಮ್ಮ ಅಜ್ಜಿ ಟೀವಿಯಲ್ಲಿ ಅದನ್ನ ನೋಡಿ ಮೂರು ದಿನ ಒಂದೇ ಮಾತು ಕೇಳಿದಳು: "ಆ ಕೂಸಿನ್ನ ಇನ್ನ ಯಾರು ನೋಡ್ಕೋತಾರೋ?"

ನನ್ನ ವಿರುದ್ಧದ ಮಾತೂ ಹೇಳಬೇಕು. ಸೈರಾಟ್ ನೋಡಿದ ಮರುದಿನದಿಂದ ಅಪ್ಪ ಅಕ್ಕನ ಜೊತೆ ಬಸ್ ಸ್ಟ್ಯಾಂಡ್ ತನಕ ಹೋಗಲಿಕ್ಕೆ ಶುರು ಮಾಡಿದ. ಅವಳ ಫೋನೂ ಇಸ್ಕೊಂಡ. "ನೋಡಿದೆ ಇಲ್ಲ?" ಅಂದ, ಅಷ್ಟೇ. ಅಕ್ಕ ನನಗ ಹೇಳಿದಳು: "ನೀವು ಹುಡುಗರು ಆರ್ಚಿ ಬುಲೆಟ್ ಓಡಿಸಿದ್ದು ನೆನಪಿಟ್ಟೀರಿ. ಅಪ್ಪ ಕೊನೇದಷ್ಟೇ ನೆನಪಿಟ್ಟಾನ." ತಪ್ಪು ಮಾಡಿದವರು ಕೊಂದವರು, ಕಾವಲು ಬಿದ್ದದ್ದು ಅಕ್ಕನಿಗೆ. ಇದಕ್ಕ ನನ್ನ ಹತ್ತಿರ ಉತ್ತರ ಇಲ್ಲ.

ಆದರೂ ತಕ್ಕಡಿ ಸೈರಾಟ್ ಕಡೆಗೇ ವಾಲ್ತದ. ಧಡಕ್ ನೋಡಿದ ರಾತ್ರಿ ಅಪ್ಪ ಏನೂ ಅನ್ನಲಿಲ್ಲ, ಉಂಡು ಮಲಗಿದ. ಸೈರಾಟ್ ಮೇಲೆ ಮನಿಯಾಗ ಇನ್ನೂ ಜಗಳ ನಡದದ. ಕಳೆದ ವರ್ಷ ಅದೇ ಜಗಳದಾಗ ಅಕ್ಕ ತನ್ನ ಫೋನು ವಾಪಸ್ ತಗೊಂಡಳು.

ಸಂಘದವರಿಗೆ ಒಂದು ವಿನಂತಿ. ನಮ್ಮ ವಾಚನಾಲಯದ ಅಂಗಳದಾಗ ಪರದೆ ಕಟ್ಟಿ ಎರಡೂ ಸಿನಿಮಾ ತೋರಸ್ರಿ. ಮುಂದಿನ ಸಾಲು ಅಕ್ಕ ತಂಗಿಯರಿಗೆ ಬಿಡ್ರಿ. ಸಿನಿಮಾ ಮುಗಿದ ಮ್ಯಾಲೆ ಮೈಕು ಮೊದಲು ಅವರ ಕೈಗೇ ಕೊಡ್ರಿ.