ಕಿಣ್ವ ಕುಗ್ಗಿದರೆ ಮಣ್ಣು ಸತ್ತಂತೆಯೇ?



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು, ಮಣ್ಣು ಪರೀಕ್ಷೆ ಎಂಬ ಮಾತೇ ಹಳ್ಳಿಗಳಿಗೆ ಹೊಸದಾಗಿದ್ದಾಗ ರೈತರ ಹೊಲಕ್ಕೆ ಹೋಗಿ ಸುಣ್ಣದ ಮಹತ್ವ ತಿಳಿಸಿದವರು. ಅವರ ಹೆಸರಿನ ವೇದಿಕೆಗೆ ನನ್ನನ್ನು ಕರೆದದ್ದು ನನಗೆ ಸಂದ ದೊಡ್ಡ ಗೌರವ.

ಸಾರಜನಕ, ರಂಜಕ, ಪೊಟ್ಯಾಷ್‌ಗಳ ಕೆಲಸವೇನು ಎಂಬುದು ಪಠ್ಯಪುಸ್ತಕಗಳಲ್ಲಿ ಚೆನ್ನಾಗಿ ಬಂದಿದೆ. ಅದನ್ನು ಮತ್ತೆ ಹೇಳುವುದಿಲ್ಲ. ಮಣ್ಣಿನ ಜೀವಂತಿಕೆ ಅಳೆಯಲು ಬಳಸುವ ಮೂರು ಕಿಣ್ವಗಳು ಮಾತ್ರ ನೆನಪಿನಲ್ಲಿರಲಿ. ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವುದು ಯೂರಿಯೇಸ್. ಸಾವಯವ ವಸ್ತುವಿನಲ್ಲಿ ಸಿಕ್ಕಿಕೊಂಡ ರಂಜಕವನ್ನು ಬಿಡಿಸುವುದು ಫಾಸ್ಫಟೇಸ್. ಜೀವಂತ ಸೂಕ್ಷ್ಮಾಣುಗಳ ಒಡಲೊಳಗೆ ಮಾತ್ರ ದುಡಿಯುವುದು ಡಿಹೈಡ್ರೋಜಿನೇಸ್.

ರಾಸಾಯನಿಕ ಗೊಬ್ಬರ ಮಣ್ಣಿನ ಜೀವವನ್ನೇ ಕೊಲ್ಲುತ್ತದೆ ಎನ್ನುವುದು ಒಂದು ಪಕ್ಷ. ಗೊಬ್ಬರ ಹಾಕಿದ ತಾಕಿನಲ್ಲಿ ಕಿಣ್ವ ಹೆಚ್ಚಿದೆ, ಆದ್ದರಿಂದ ಮಣ್ಣು ಆರೋಗ್ಯವಾಗಿದೆ ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ.

ಮೊದಲನೆಯ ಪಕ್ಷಕ್ಕೆ ಉತ್ತರ ಹೊಲದಲ್ಲೇ ಇದೆ. 2014ರಲ್ಲಿ ಗೈಸೆಲರ್ ಮತ್ತು ಸ್ಕೋ ಎಂಬ ವಿಜ್ಞಾನಿಗಳು ಜಗತ್ತಿನ 64 ದೀರ್ಘಾವಧಿ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಗೊಬ್ಬರವನ್ನೇ ಕಾಣದ ತಾಕುಗಳಿಗಿಂತ ಗೊಬ್ಬರ ಹಾಕಿದ ತಾಕುಗಳಲ್ಲಿ ಸೂಕ್ಷ್ಮಾಣುಗಳ ರಾಶಿ ಸರಾಸರಿ ಶೇ. 15ರಷ್ಟು ಹೆಚ್ಚಿತ್ತು. ಬೆಳೆ ಹುಲುಸಾದರೆ ಬೇರು, ಕೂಳೆ ಹೆಚ್ಚು ಉಳಿಯುತ್ತವೆ. ಸೂಕ್ಷ್ಮಾಣುಗಳಿಗೆ ಅದೇ ಆಹಾರ. ಆದರೆ ಮಣ್ಣಿನ ರಸಸಾರ, ಅಂದರೆ ಪಿಎಚ್, 5ಕ್ಕಿಂತ ಕೆಳಗಿಳಿದು ಮಣ್ಣು ಹುಳಿಯಾದ ಕಡೆ ಫಲಿತಾಂಶ ತಿರುಗುಮುರುಗಾಗುವ ಕಡೆಗೆ ವಾಲಿತ್ತು. ಹಾಗಾದರೆ ಕೊಲ್ಲುತ್ತಿರುವುದು ಯಾವುದು, ಗೊಬ್ಬರವೋ ಹುಳಿಯೋ?

ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1856ರಲ್ಲಿ ಆರಂಭವಾದ ಪಾರ್ಕ್ ಗ್ರಾಸ್ ಹುಲ್ಲುಗಾವಲಿನ ಪ್ರಯೋಗ ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿದೆ. ಅಲ್ಲಿ ಕೆಲವು ತಾಕುಗಳಿಗೆ ಸಾರಜನಕವನ್ನು ಅಮೋನಿಯಂ ಸಲ್ಫೇಟ್ ರೂಪದಲ್ಲಿ, ಇನ್ನು ಕೆಲವಕ್ಕೆ ಅಷ್ಟೇ ಪ್ರಮಾಣದ ಸಾರಜನಕವನ್ನು ಸೋಡಿಯಂ ನೈಟ್ರೇಟ್ ರೂಪದಲ್ಲಿ ಕೊಡುತ್ತ ಬಂದಿದ್ದಾರೆ. ಸುಣ್ಣ ಕಾಣದ ಅಮೋನಿಯಂ ತಾಕುಗಳಲ್ಲಿ ರಸಸಾರ 4ಕ್ಕಿಂತ ಕೆಳಗಿಳಿದು, ಸತ್ತ ಹುಲ್ಲು ಕೊಳೆಯದೆ ಚಾಪೆಯಂತೆ ನೆಲದ ಮೇಲೆ ಕೂತಿತು. ನೈಟ್ರೇಟ್ ತಾಕುಗಳಲ್ಲಿ ಹಾಗಾಗಲಿಲ್ಲ. ಎರಡೂ ರಾಸಾಯನಿಕ ಗೊಬ್ಬರಗಳೇ.

ಅಮೋನಿಯಂ ಅಂಶವು ನೈಟ್ರೇಟ್ ಆಗಿ ಮಾರ್ಪಡುವಾಗ ಹುಳಿ ಬಿಡುಗಡೆಯಾಗುತ್ತದೆ. ಆ ನೈಟ್ರೇಟ್ ಮಳೆಗೆ ಬಸಿದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನೂ ಕೊಂಡೊಯ್ಯುತ್ತದೆ. 100 ಕಿಲೋ ಅಮೋನಿಯಂ ಸಲ್ಫೇಟಿನ ಹುಳಿ ಕಳೆಯಲು ಸುಮಾರು 110 ಕಿಲೋ ಸುಣ್ಣದ ಕಲ್ಲಿನ ಪುಡಿ ಬೇಕು. ನಮ್ಮ ಎರೆ ಭೂಮಿಗಳಲ್ಲಿ ಸುಣ್ಣ ಮೊದಲೇ ಇರುವುದರಿಂದ ತಡೆದುಕೊಳ್ಳುತ್ತವೆ. ಕೆಂಪು ಮಣ್ಣಿಗೆ ಆ ಶಕ್ತಿಯಿಲ್ಲ. ಹಿಮಾಚಲದ ಪಾಲಂಪುರದಲ್ಲಿ ವರ್ಷವರ್ಷವೂ ಬರೀ ಸಾರಜನಕ ಹಾಕಿದ ತಾಕು ಕೊನೆಗೆ ಫಸಲನ್ನೇ ಕೊಡದಂತಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ನಡೆದಿರುವ ರಾಗಿ–ಮುಸುಕಿನ ಜೋಳದ ಪ್ರಯೋಗದಲ್ಲೂ ಶಿಫಾರಸಿನ ಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಮತ್ತು ಸುಣ್ಣ ಸೇರಿದ ತಾಕೇ ಗಟ್ಟಿಯಾಗಿ ನಿಂತಿದೆ. ನಮ್ಮ ದತ್ತಿಯ ಹಿರಿಯರು ಅನುಭವದಿಂದ ಹೇಳಿದ್ದೂ ಇದನ್ನೇ.

ಈಗ ಎರಡನೆಯ ಪಕ್ಷ. ಯೂರಿಯೇಸ್ ಹೆಚ್ಚಿದರೆ ಒಳ್ಳೆಯದು ಎನ್ನುತ್ತಾರೆ. ಆದರೆ ಅದು ಚುರುಕಾದಷ್ಟೂ ಮೇಲೆ ಚೆಲ್ಲಿದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ; ಅದನ್ನು ತಡೆಯಲೆಂದೇ ಯೂರಿಯೇಸ್ ನಿರೋಧಕಗಳನ್ನು ಮಾರುತ್ತಾರೆ. ತಡೆಯಬೇಕಾದ ಕಿಣ್ವವನ್ನೇ ಆರೋಗ್ಯದ ಗುರುತು ಎನ್ನುವುದು ಹೇಗೆ? ಅದೇ ರೀತಿ, ರಂಜಕದ ಗೊಬ್ಬರವಾದ ಡಿಎಪಿ ಹಾಕಿದ ಮೇಲೆ ಫಾಸ್ಫಟೇಸ್ ಇಳಿದರೆ ಗಾಬರಿ ಬೀಳುವವರಿದ್ದಾರೆ. ಕಣಜ ತುಂಬಿದ ಮನೆಯವರು ಕಾಳು ಕಡ ತರಲು ಹೋಗುವುದಿಲ್ಲ. ರಂಜಕ ಕೈಗೆ ಸಿಗುವಾಗ ಬೇರು, ಸೂಕ್ಷ್ಮಾಣುಗಳು ಆ ಕಿಣ್ವ ತಯಾರಿಸುವುದನ್ನು ಕಡಿಮೆ ಮಾಡುತ್ತವೆ. ಅದು ರೋಗವಲ್ಲ.

ನನ್ನ ಮುಖ್ಯ ತಕರಾರು ಅಳತೆಯ ಬಗ್ಗೆ. ಆಮ್ಲೀಯ ಫಾಸ್ಫಟೇಸನ್ನು ರಸಸಾರ 6.5ರ ಬಫರ್ ದ್ರಾವಣದಲ್ಲೂ ಕ್ಷಾರೀಯ ಫಾಸ್ಫಟೇಸನ್ನು 11ರ ದ್ರಾವಣದಲ್ಲೂ ಅಳೆಯುವುದು ರೂಢಿ. ಹೊಲದ ಮಣ್ಣು 4.8 ಇದ್ದರೂ ಅಷ್ಟೇ. ಡಿಹೈಡ್ರೋಜಿನೇಸ್ ವಿಷಯ ಇನ್ನೂ ಗಂಭೀರ. ಕಸೀಡಾ ಮತ್ತು ಸಂಗಡಿಗರು 1964ರಲ್ಲಿ ಕೊಟ್ಟ ವಿಧಾನದಲ್ಲಿ 20 ಗ್ರಾಂ ಮಣ್ಣಿಗೆ 0.2 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ಅಂದರೆ ಶೇ. 1 ಸುಣ್ಣ! ಹೊಲದ ಮೇಲ್ಮಣ್ಣಿಗೆ ಲೆಕ್ಕ ಹಾಕಿದರೆ ಹೆಕ್ಟೇರಿಗೆ 20 ಟನ್ನಿಗೂ ಹೆಚ್ಚು. ಹುಳಿಯಿಂದ ಬಳಲುತ್ತಿರುವ ಮಣ್ಣಿಗೆ ಪರೀಕ್ಷಾ ನಳಿಕೆಯಲ್ಲಿ ಮೊದಲು ಚಿಕಿತ್ಸೆ ಕೊಟ್ಟು, ಆಮೇಲೆ ಅದರ ಜ್ವರ ನೋಡಿದಂತಾಯಿತು. ಇಂಥ ಅಂಕಿಯಿಂದ ಗೊಬ್ಬರವನ್ನು ಖುಲಾಸೆ ಮಾಡುವುದೂ ತಪ್ಪು, ದೂಷಿಸುವುದೂ ತಪ್ಪು.

ಪ್ರಯೋಗಾಲಯಗಳ ಅಂಕಿಗಳನ್ನು ಹೋಲಿಸಲು ಒಂದೇ ಮಟ್ಟ ಬೇಕಲ್ಲವೇ ಎಂದು ಮಿತ್ರರು ಕೇಳುತ್ತಾರೆ. ಬೇಕು, ನಿಜ. ಆ ಅಳತೆ ಮಣ್ಣಿನಲ್ಲಿ ಕಿಣ್ವ ಎಷ್ಟಿದೆ ಎಂದು ಹೇಳುತ್ತದೆ. ಹೊಲದಲ್ಲಿ ಅದು ಎಷ್ಟು ದುಡಿಯುತ್ತಿದೆ ಎಂದು ಹೇಳುವುದಿಲ್ಲ. ಆದ್ದರಿಂದ ಸಂಶೋಧಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು: ರೂಢಿಯ ಅಳತೆಯ ಪಕ್ಕದಲ್ಲೇ, ಸುಣ್ಣ ಬೆರೆಸದೆ, ಹೊಲದ ರಸಸಾರದಲ್ಲೇ ಮಾಡಿದ ಇನ್ನೊಂದು ಅಳತೆಯನ್ನೂ ಪ್ರಕಟಿಸಿ.

2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ, ಕಿಣ್ವವಿಲ್ಲ. ಅಳತೆ ಸರಿಹೋಗುವವರೆಗೆ ಅದನ್ನು ಸೇರಿಸುವುದು ಬೇಡ. ಚೀಟಿಯಲ್ಲಿ ಈಗಾಗಲೇ ಇರುವ ರಸಸಾರವನ್ನು ರೈತರು ಮೊದಲು ನೋಡಲಿ. ಕೆಂಪು ಮಣ್ಣಿನಲ್ಲಿ ಅದು 5.5ಕ್ಕಿಂತ ಕೆಳಗಿದ್ದರೆ, ಮುಂದಿನ ಯೂರಿಯಾ ಚೀಲಕ್ಕೆ ಮೊದಲು ಶಿಫಾರಸಿನಷ್ಟು ಕೃಷಿ ಸುಣ್ಣ ಹೊಲಕ್ಕೆ ಬೀಳಲಿ.