ಕೇಳಿದ ಕಷ್ಟವನ್ನು ಕಾಪಾಡೋಣ
(ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಎಲೆ ಕೊಯ್ಯುವ ಸಹೋದರಿಯೊಬ್ಬರು ಮನೆಯ ಕಷ್ಟವನ್ನು ನಮ್ಮೊಡನೆ ಹೇಳಿಕೊಂಡು ಅತ್ತರು. ಮುಂದಿನ ಭಾನುವಾರ ನಾವು ಕೂಟದಲ್ಲಿ ಅವರ ಹೆಸರೆತ್ತಿ, “ಈ ಕುಟುಂಬಕ್ಕಾಗಿ ಪ್ರಾರ್ಥಿಸೋಣ” ಎಂದೆವು. ಸೋಮವಾರ ಮಸ್ಟರಿನ ಹೊತ್ತಿಗೆ ಲೈನಿಗೆಲ್ಲ ಸುದ್ದಿ ಹಬ್ಬಿತ್ತು. ಆಕೆ ಮತ್ತೆ ನಮ್ಮ ಬಳಿ ಬರಲಿಲ್ಲ. ಪ್ರಾರ್ಥನೆಯ ಹೆಸರಿನಲ್ಲಿ ನಾವು ಗುಟ್ಟು ಬಿಟ್ಟುಕೊಟ್ಟಿದ್ದೆವು.

ಇನ್ನೊಬ್ಬರ ದುಃಖ ಕೇಳುವುದಕ್ಕೂ ಕಲಿಕೆ ಬೇಕು. ಗೋವೆಯ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಅಧ್ಯಯನದ ಫಲ 2017ರಲ್ಲಿ ಅಚ್ಚಾಯಿತು. ಅಲ್ಲಿ ಖಿನ್ನತೆಯಿಂದ ಬಳಲುತ್ತಿದ್ದವರಿಗೆ ಆಪ್ತಸಲಹೆ ನೀಡಿದವರು ಮಾನಸಿಕ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನರು. 3 ತಿಂಗಳ ನಂತರ ಅವರ ಸಲಹೆ ಪಡೆದವರಲ್ಲಿ ನೂರಕ್ಕೆ 64 ಮಂದಿ ಚೇತರಿಸಿಕೊಂಡಿದ್ದರು. ಆ ಸಲಹೆಯಿಲ್ಲದೆ ಕೇಂದ್ರದ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಚೇತರಿಸಿಕೊಂಡವರು ನೂರಕ್ಕೆ 39. ಅಂದರೆ ನಮ್ಮಂಥವರಿಂದಲೂ ಈ ಸೇವೆ ಸಾಧ್ಯ. ಆದರೆ ಅವರು ಕಲಿತು ಮಾಡಿದರು. ಒಬ್ಬರ ಕೆಲಸವನ್ನು ಇನ್ನೊಬ್ಬರು ತೂಗಿನೋಡಿ ತಿದ್ದಿಕೊಂಡರು.

ಅವರು ಮುಖ ನೋಡಿ ಅಂದಾಜು ಕಟ್ಟಲಿಲ್ಲ. 9 ಪ್ರಶ್ನೆಗಳ ಪಟ್ಟಿಯಿತ್ತು. ಕಳೆದ 2 ವಾರಗಳಲ್ಲಿ ನಿದ್ರೆ ಹೇಗೆ, ಊಟ ಹೇಗೆ, ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆಯೇ ಎಂದು ಕೇಳುತ್ತ ಹೋಗಿ, ಕೊನೆಗೆ ಸಾಯುವ ಯೋಚನೆ ಬಂದಿದೆಯೇ ಎಂದು ಕೇಳಬೇಕು. ಈ ಕೊನೆಯ ಪ್ರಶ್ನೆಗೆ ನಾವು ಹೆದರುತ್ತೇವೆ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಬೇಯುತ್ತಿದ್ದವರಿಗೆ ಬಾಯಿಬಿಡಲು ದಾರಿಯಾಗುತ್ತದೆ.

ಕೇಳುವಾಗ ನಡುವೆ ಬಾಯಿ ಹಾಕಬಾರದು. “ನಮ್ಮ ಕಷ್ಟದ ಮುಂದೆ ನಿಮ್ಮದೇನು ದೊಡ್ಡದು” ಎನ್ನಬಾರದು. ಗಂಡ ಹೆಂಡಿರ ಜಗಳದಲ್ಲಿ ಅವಸರದ ತೀರ್ಪು ಬೇಡ. ನಲ್ಲಿಯ ಬಳಿ, ತೂಕದ ಜಾಗದಲ್ಲಿ ಆ ಮಾತು ಎತ್ತಲೇಬಾರದು. ಸಂಘದ ಚುನಾವಣೆಗೆ ಅದನ್ನು ಬಳಸುವುದು ದ್ರೋಹ.

ಗುಟ್ಟಿಗೂ ಒಂದು ಎಲ್ಲೆಯಿದೆ. ಅದನ್ನು ಮೊದಲೇ ಹೇಳಿಬಿಡಬೇಕು: “ನೀವು ಹೇಳಿದ್ದು ನಮ್ಮಲ್ಲೇ ಇರುತ್ತದೆ. ಆದರೆ ಜೀವಕ್ಕೆ ಅಪಾಯವಿದ್ದರೆ ನಾವು ಸುಮ್ಮನಿರಲಾರೆವು.” ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, 2012ರ ಪೋಕ್ಸೊ ಕಾನೂನಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಪಾಪನಿವೇದನೆ ಕೇಳುವ ಗುರುಗಳ ಮೌನ ಬೇರೆ, ನಮ್ಮದು ಬೇರೆ.

ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಕೀಟನಾಶಕವಿದ್ದರೆ ಹೊರಗೆ ಸಾಗಿಸಿ. ಜೊತೆಗೆ ನಡೆದು ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್, 14416, ಹಗಲೂ ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ನಮ್ಮ ಕೈಮೀರಿದ್ದನ್ನು ಬಲ್ಲವರಿಗೆ ಒಪ್ಪಿಸುವುದರಲ್ಲಿ ನಾಚಿಕೆಯಿಲ್ಲ.

ನಾವು ಆ ಸಹೋದರಿಯ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಆಕೆ ಚಹಾ ಕೊಟ್ಟರು. ಕಷ್ಟದ ಮಾತನ್ನು ಮಾತ್ರ ಎತ್ತಲಿಲ್ಲ. ಒಮ್ಮೆ ಹೋದ ನಂಬಿಕೆ ಬೇಗ ಹಿಂತಿರುಗುವುದಿಲ್ಲ. ಇನ್ನು ಮುಂದೆ ನಮ್ಮ ಕೂಟದಲ್ಲಿ ಯಾರ ಹೆಸರನ್ನೂ ಅವರ ಒಪ್ಪಿಗೆಯಿಲ್ಲದೆ ಎತ್ತುವುದಿಲ್ಲ. ಹೆಸರು ಹೇಳದೆಯೂ ಪ್ರಾರ್ಥಿಸಬಹುದು, ದೇವರಿಗೆ ಗೊತ್ತಿದೆ.